ಕಾಡಂಚಿನ ನಡಿಗೆ: ಕೇಸಣಿಲಿನ ಬೇಟೆಯೂ ಅದರ ವಿದ್ಯೆಯೂ

ಮುಂಬಯಿಯ ಹೆಸರನ್ನು ಹೊತ್ತು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಪ್ರವೇಶಿಸಿದ ಒಂದು ಜೀವಿಯುಂಟು; ಆದರೆ ಅದನ್ನು ಕಣ್ಣಾರೆ ಕಂಡ ಮುಂಬಯಿಗರು ವಿರಳ. ವೇಲ್ಸ್ ದೇಶದ ಪ್ರಕೃತಿಶಾಸ್ತ್ರಜ್ಞ ಥಾಮಸ್ ಪೆನೆಂಟನು ೧೭೭೧ರಲ್ಲಿ ಅದನ್ನು ‘ಬಾಂಬೆ ಅಳಿಲು’ ಎಂದು ಕರೆದನು. ೧೭೭೭ರಲ್ಲಿ ಜರ್ಮನಿಯ ಎರ್ಕ್ಸ್‌ಲೇಬೆನ್ ಎಂಬ ವಿದ್ವಾಂಸನು ಅದಕ್ಕೆ ಇಂಡಿಕ ಎಂಬ ಶಾಸ್ತ್ರೀಯ ನಾಮವನ್ನಿತ್ತನು. ಇಂದಿನ ಶಾಸ್ತ್ರಜ್ಞರ ರಟೂಫ ಇಂಡಿಕ ಅದೇ. ಮಹಾರಾಷ್ಟ್ರವು ತನ್ನ ರಾಜ್ಯಪ್ರಾಣಿಯೆಂದು ಮನ್ನಿಸಿರುವ ‘ಶೇಕ್ರು’ವೂ ಅದೇ. ಎತ್ತರದ ಮರಗಳ ನೆತ್ತಿಯನ್ನು ಬಿಟ್ಟು ನೆಲಕ್ಕಿಳಿಯಲು ಹಿಂಜರಿಯುವ ಈ ಪ್ರಾಣಿಯ ನಿಜವಾದ ನೆಲೆ ಸಹ್ಯಾದ್ರಿಯ ಕಾಡು; ನಮ್ಮ ನಗರ ಅದಕ್ಕೆ ಹೆಸರನ್ನು ಮಾತ್ರ ಕೊಟ್ಟಿತು.

ಕನ್ನಡದಲ್ಲಿ ಇದಕ್ಕೆ ಕೆಂದಳಿಲು ಎಂಬ ಹೆಸರಿದೆ. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಗ್ರಂಥಕಾರರು ‘ಕೇಸಣ್ಣಲು’ ಎಂದು ಬರೆದುಕೊಂಡ ಕನ್ನಡ ಹೆಸರು ಇನ್ನೊಂದು. ಅದು ಕೇಸಣಿಲು ಎಂಬುದರ ವಿಕೃತ ರೂಪವೆಂದು ಬಗೆಯುವುದು ಯುಕ್ತವಾಗಿದೆ. ಕೇಸಡಿ, ಕೇಸುರಿ ಎಂಬ ಹಳಗನ್ನಡದ ಸಮಾಸಗಳಲ್ಲಿ ಕೆಂಪೆಂಬ ಅರ್ಥವನ್ನು ಕೊಡುವ ಶಬ್ದವೇ ಇಲ್ಲಿಯೂ ಇದೆ. ತಮಿಳಿನಲ್ಲಿ ಅಳಿಲಿಗೆ ಇಂದಿಗೂ ಅಣಿಲ್ ಎಂದೇ ಹೆಸರು. ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು ಮೂರಡಿ ಉದ್ದ, ಒಂದೂವರೆಯಿಂದ ಎರಡು ಕಿಲೋ ತೂಕ, ಕೆಂಗಂದು ಬೆನ್ನು, ಕೆನೆಬಣ್ಣದ ಹೊಟ್ಟೆ. ಒಂದು ಮರದಿಂದ ಇನ್ನೊಂದಕ್ಕೆ ಇಪ್ಪತ್ತು ಅಡಿಗಳಷ್ಟು ದೂರ ಹಾರಬಲ್ಲದು.

ಈ ಪ್ರಾಣಿಯನ್ನು ಹಿಂದೆ ಮಾಂಸಕ್ಕಾಗಿ ಬೇಟೆಯಾಡುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ನಿಷೇಧಿಸಿತು. ಅದು ಸರಿಯಾದ ನಿರ್ಣಯವೆಂಬುದರಲ್ಲಿ ಎರಡು ಮಾತಿಲ್ಲ. ಪ್ರಕೃತ ಲೇಖನದ ಉದ್ದೇಶ ಬೇಟೆಯನ್ನು ಹೊಗಳುವುದಲ್ಲ. ಬೇಟೆಯೊಡನೆ ಬೆಳೆದ ಒಂದು ವಿದ್ಯೆ, ಕಾಡನ್ನು ಸಮೀಪಿಸುವ ವಿದ್ಯೆ, ಬೇಟೆಯೊಡನೆಯೇ ಅಳಿಯಬೇಕೆ ಎಂಬುದೇ ಇಲ್ಲಿಯ ಪ್ರಶ್ನೆ.

ನಮ್ಮ ಪ್ರಾಚೀನರು ಬೇಟೆಯನ್ನು ಕುರಿತು ಬಹಳವಾಗಿ ಬರೆದಿದ್ದಾರೆ. ಪಂಪಭಾರತದಲ್ಲಿ ಬೇಂಟೆಯ ವರ್ಣನೆಯಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಮೃಗಯಾವಿನೋದದ ನಾನಾ ಪ್ರಕಾರಗಳನ್ನು ವಿವರಿಸುತ್ತದೆ. ಪೊಂಚು, ಸೋವು, ದೀವ ಮೊದಲಾದ ಹಳೆಯ ಬೇಟೆಯ ಮಾತುಗಳು ನಮ್ಮ ನಿಘಂಟುಗಳಲ್ಲಿ ಉಳಿದಿವೆ. ಆದರೆ ಅದೆಲ್ಲವೂ ಬಹುಮಟ್ಟಿಗೆ ಅರಸರ ಬೇಟೆ. ನಾಯಿಗಳೂ ಬಲೆಗಳೂ ಪರಿವಾರವೂ ಕೂಡಿದ ಗದ್ದಲದ ಬೇಟೆ. ಅಳಿಲಿನ ಬೇಟೆ ಬಡ ರೈತನದು. ಅದು ಒಬ್ಬನೇ, ಸದ್ದಿಲ್ಲದೆ ಮಾಡುವ ಕೆಲಸ. ಅದನ್ನು ಯಾವ ಕವಿಯೂ ವಿಸ್ತಾರವಾಗಿ ಬರೆದುದನ್ನು ನಾನು ಓದಿಲ್ಲ.

ನನಗೆ ಅದರ ಪರಿಚಯವಾದದ್ದು ಯಲ್ಲಾಪುರದ ಕಡೆಯ ನನ್ನ ಸೋದರಮಾವನಿಂದ. ಆತನು ತರುಣನಾಗಿದ್ದಾಗ ಕೋವಿ ಹಿಡಿದವನು; ಕಾಯಿದೆ ಬಂದ ಮೇಲೆ ಅದನ್ನು ಕೆಳಗಿಟ್ಟವನು. ಆದರೆ ಕಾರ್ತಿಕ ಕಳೆದು ಮಾರ್ಗಶಿರ ಬಂದಿತೆಂದರೆ ನಸುಕಿನಲ್ಲೆದ್ದು ಬರಿಗೈಯಲ್ಲಿ ಕಾಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ರಜೆಗೆಂದು ಹೋದ ನನ್ನನ್ನೂ ಕರೆದೊಯ್ಯುತ್ತಿದ್ದನು.

ಚಳಿಗಾಲದ ಆರಂಭವೇ ಏಕೆ? ಮಳೆಗಾಲದಲ್ಲಿ ಎಲೆಯ ದಟ್ಟಣೆಯೂ ಹನಿಯ ಸದ್ದೂ ಕಣ್ಣು ಕಿವಿಗಳೆರಡನ್ನೂ ಕಟ್ಟುತ್ತವೆ. ಬೇಸಗೆಯಲ್ಲಿ ತರಗೆಲೆ ಒಣಗಿ ಹೆಜ್ಜೆಹೆಜ್ಜೆಗೂ ಚರಚರನೆ ಸದ್ದುಮಾಡುತ್ತದೆ. ಇವೆರಡರ ನಡುವಿನ ಈ ಕಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ. ಉದುರಿದ ಎಲೆ ಇರುಳ ಇಬ್ಬನಿಯಿಂದ ತೊಯ್ದು ಮೆತ್ತಗಾಗಿರುತ್ತದೆ. ಬಿಸಿಲೇರಿ ಇಬ್ಬನಿ ಆರುವವರೆಗೆ ಮಾತ್ರ ಈ ಅನುಕೂಲ. ಕೇಸಣಿಲೂ ಬೆಳಗಿನಲ್ಲಿಯೇ ಆಹಾರಕ್ಕೆ ತಿರುಗುತ್ತದೆ, ನಡುಹಗಲಿನಲ್ಲಿ ವಿಶ್ರಮಿಸುತ್ತದೆ. ಹೀಗೆ ಪ್ರಾಣಿಯ ವೇಳೆಯೂ ನೆಲದ ಮೌನವೂ ಒಂದೇ ಹೊತ್ತಿನಲ್ಲಿ ಕೂಡಿಬರುತ್ತವೆ.

ಮಾವನ ಮೊದಲ ನಿಯಮ ಕಾಡಿನೊಳಗಿನದಲ್ಲ, ಹೊರಗಿನದು. ಗದ್ದೆಯ ಬಯಲನ್ನು ನೇರವಾಗಿ ದಾಟಬಾರದು. ಮರದ ಮೇಲಿರುವ ಪ್ರಾಣಿಗೆ ಬಯಲಿನ ಮನುಷ್ಯ ಬಹುದೂರದಿಂದಲೇ ಕಾಣುತ್ತಾನೆ. ಬೇಲಿಯ ಮರೆಯಲ್ಲಿ ಸುತ್ತಿ ಬರಬೇಕು. ಏರುವ ಸೂರ್ಯ ಬೆನ್ನಿಗಿರುವಂತೆ, ಎಂದರೆ ಮೂಡಲ ಅಂಚಿನಿಂದ, ಕಾಡನ್ನು ಹೊಗಬೇಕು; ಆಗ ನಮ್ಮ ಕಣ್ಣು ಕುಕ್ಕುವುದಿಲ್ಲ, ಎಳೆಬಿಸಿಲಿನಲ್ಲಿ ಕೆಂಪು ಬೆನ್ನು ಎದ್ದು ತೋರುತ್ತದೆ. ಕಾಡಂಚಿಗೆ ಬಂದೊಡನೆ ನುಗ್ಗದೆ ನಿಲ್ಲಬೇಕು. ‘ನಾವು ಬಂದುದನ್ನು ಕಾಡು ಮರೆಯಲಿ’ ಎನ್ನುತ್ತಿದ್ದನು ಆತ. ಕಾಲು ಗಂಟೆ ಅಲುಗದೆ ನಿಂತರೆ ಅಡಗಿದ ಹಕ್ಕಿಗಳು ಮತ್ತೆ ಉಲಿಯತೊಡಗುತ್ತವೆ. ಅದೇ ಒಳಹೋಗಲು ಅಪ್ಪಣೆ.

ಎರಡನೆಯದು ಕಿವಿಯ ಕೆಲಸ. ಗಾಳಿ ಬೀಸುವ ದಿನ ನಮ್ಮ ಹೆಜ್ಜೆಯ ಸದ್ದು ಮುಚ್ಚಿಹೋಗುವುದು ನಿಜ. ಆದರೆ ಪ್ರಾಣಿಯ ಸುಳಿವೂ ಅದರೊಡನೆಯೇ ಮುಚ್ಚಿಹೋಗುತ್ತದೆ. ನಿಶ್ಚಲವಾದ ಬೆಳಗಿನಲ್ಲಿ ಕಡಿದ ಕಾಯಿಯ ಸಿಪ್ಪೆ ಎಲೆಯಿಂದ ಎಲೆಗೆ ತಾಕಿ ಬೀಳುವ ಸದ್ದು ದೂರಕ್ಕೂ ಕೇಳುತ್ತದೆ. ಕಡ್ಡಿ ಎಲೆಗಳಿಂದ ಕಟ್ಟಿದ ಉಂಡೆಯಂಥ ಗೂಡು ಕಂಡ ಮಾತ್ರಕ್ಕೆ ಹಿಗ್ಗಲಾಗದು. ಒಂದೇ ಅಳಿಲಿಗೆ ಹಲವು ಗೂಡುಗಳಿರುತ್ತವೆ.

ಮೂರನೆಯದು ತಾಳ್ಮೆ. ಬೆದರಿದ ಕೇಸಣಿಲು ಯಾವಾಗಲೂ ಓಡುವುದಿಲ್ಲ. ಕೊಂಬೆಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ ಅಥವಾ ಕಾಂಡದ ಆಚೆಗೆ ಸರಿಯುತ್ತದೆ. ಆದುದರಿಂದ ಇಬ್ಬರಿದ್ದರೆ ಒಬ್ಬನು ಅಲುಗದೆ ಕುಳಿತು ಇನ್ನೊಬ್ಬನು ಮರವನ್ನು ಸುತ್ತಬೇಕು; ಸುತ್ತುವವನಿಂದ ಮರೆಯಾಗುತ್ತ ಅದು ಕುಳಿತವನ ಕಡೆಗೇ ಬರುತ್ತದೆ. ಹಾಗೆ ಕುಳಿತಿದ್ದ ಒಂದು ಬೆಳಗು ನಾನು ಅದನ್ನು ಹತ್ತು ಮಾರು ದೂರದಿಂದ ಕಂಡೆ. ಕೋವಿ ಇದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಕೋವಿ ಇಲ್ಲದ್ದರಿಂದ, ಅದು ಹಿಂಗಾಲಿನಲ್ಲಿ ನೇತಾಡುತ್ತ ಕಾಯಿ ತಿಂದು ಮುಗಿಸುವವರೆಗೆ ನೋಡಿದೆ.

ಮುಂಬಯಿಗೂ ಈ ವಿದ್ಯೆಗೂ ಸಂಬಂಧವಿಲ್ಲದಿಲ್ಲ. ಉತ್ತರ ಕನ್ನಡವು ೧೮೬೨ರಿಂದ ೧೯೫೬ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿತ್ತು. ೧೮೮೩ರಲ್ಲಿ ಇಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಬೆಳೆಸಿದವರಲ್ಲಿ ಬೇಟೆಗಾರರು ಹಲವರು. ೧೯೫೨ರಲ್ಲಿ ಹುಮಾಯೂನ್ ಅಬ್ದುಲಾಲಿ ಮತ್ತು ಜೆ. ಸಿ. ಡೇನಿಯಲ್ ಅವರು ಈ ಅಳಿಲಿನ ಉಪಜಾತಿಗಳನ್ನು ಆ ಸಂಸ್ಥೆಯ ಪತ್ರಿಕೆಯಲ್ಲಿಯೇ ವಿವೇಚಿಸಿದರು. ೧೮೯೭ರಲ್ಲಿ ಬ್ಲಾನ್‌ಫೋರ್ಡನು ವರ್ಣಿಸಿದ ಡಾಂಗಿನ ಬಿಳಿಚು ಬಣ್ಣದ ಉಪಜಾತಿ ಅಳಿದುಹೋಯಿತೆಂದು ಹೇಳುತ್ತಾರೆ. ಬೇಟೆಗಾರನ ಕಣ್ಣು ಶಾಸ್ತ್ರಜ್ಞನ ಕಣ್ಣಾಗಬಲ್ಲದು. ಆದರೆ ಅದಕ್ಕೆ ಪ್ರಾಣಿ ಉಳಿದಿರಬೇಕು.

ಮಾವ ಈಗಿಲ್ಲ. ಹೆಜ್ಜೆಯಿಡುವ ಬಗೆಗೆ, ಎಲೆ ಅಲುಗುವ ಬಗೆಗೆ, ಅಳಿಲಿನ ಕೂಗಿನ ಒಂದೊಂದು ಬಗೆಗೆ ಆತನಲ್ಲಿ ಒಂದೊಂದು ಮಾತಿತ್ತು. ಬ್ಯಾಂಕಿನಲ್ಲಿ ಕಾಸುಕಾಸಿಗೂ ಲೆಕ್ಕ ಬರೆಯುವ ನಾನು ಆ ಮಾತುಗಳಲ್ಲಿ ಒಂದನ್ನೂ ಬರೆದಿಡಲಿಲ್ಲ. ಕಾಯಿದೆ ಪ್ರಾಣಿಯನ್ನು ಉಳಿಸಬಲ್ಲದು, ಮಾತನ್ನು ಉಳಿಸಲಾರದು. ಘಟ್ಟದ ಊರುಗಳಲ್ಲಿ ಅಂಥ ಹಿರಿಯರು ಇನ್ನೂ ಇದ್ದಾರೆ. ಈ ಮಾರ್ಗಶಿರದಲ್ಲಿ ಊರಿಗೆ ಹೋಗುವ ವಾಚಕರು ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ಜತೆಗೊಯ್ದು ಅವರ ಪಕ್ಕದಲ್ಲಿ ಕುಳಿತರೆ ನನ್ನ ತಪ್ಪು ಅವರಿಂದಾಗದು. ಹೋಗಲಾಗದವರಿಗೆ ಬೋರಿವಲಿಯ ಕಾಡಿದೆ. ಅಲ್ಲಿಯ ಸಾಮಾನ್ಯ ಅಳಿಲಿನ ಮುಂದೆಯೂ ಕಾಲು ಗಂಟೆ ನಿಶ್ಚಲವಾಗಿ ನಿಂತು ನೋಡಬಹುದು.