ಆಫ್ರಿಕನ್ ಬಸವನಹುಳು: ಚಕ್ರಬಡ್ಡಿಯ ಲೆಕ್ಕ

ಮಳೆ ಶುರುವಾದೊಡನೆ ಬಾಳೆ, ಪಪ್ಪಾಯಿ, ತರಕಾರಿ ಸಸಿಗಳನ್ನು ರಾತ್ರೋರಾತ್ರಿ ತಿಂದು ಮುಗಿಸುವ ದೊಡ್ಡ ಚಿಪ್ಪಿನ ಬಸವನಹುಳು ನಮ್ಮ ನಾಡಿನದಲ್ಲ. ಇದರ ಮೂಲ ಪೂರ್ವ ಆಫ್ರಿಕ. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ಕಲ್ಕತ್ತಕ್ಕೆ ತಂದು ಬಿಟ್ಟರು. ಇಂದು ಕೇರಳದ ತೋಟಗಳಲ್ಲೂ ಅದು ನೆಲೆಯೂರಿದೆ.

ಹೊರಗಿನಿಂದ ಬಂದ ಜೀವಿ ಹೇಗೆ ಬೇರುಬಿಡುತ್ತದೆ ಎಂಬುದನ್ನು ವಿಜ್ಞಾನಿಗಳು ಗಣಿತದ ಮೂಲಕ ಕಂಡುಕೊಳ್ಳುತ್ತಾರೆ. ಅದರ ತಿರುಳು ನಮಗೆಲ್ಲ ಗೊತ್ತಿರುವ ಚಕ್ರಬಡ್ಡಿಯೇ.

1966ರಲ್ಲಿ ಅಮೆರಿಕದ ಮಯಾಮಿಯ ಹುಡುಗನೊಬ್ಬ ಹವಾಯಿಯಿಂದ ಮೂರು ಹುಳುಗಳನ್ನು ತಂದ. ಅಜ್ಜಿ ಅವನ್ನು ಹಿತ್ತಲಿಗೆ ಬಿಟ್ಟರು. ಏಳು ವರ್ಷಗಳಲ್ಲಿ 18,000ಕ್ಕೂ ಮಿಕ್ಕಿ ಹುಳುಗಳು ಸಿಕ್ಕಿದವು. ನಿರ್ಮೂಲನಕ್ಕೆ 10 ಲಕ್ಷ ಡಾಲರ್ ಖರ್ಚಾಯಿತು.

ಇದು ಹೇಗೆ ಸಾಧ್ಯ? ಒಂದು ಹುಳು ಒಮ್ಮೆಗೆ 200ರಷ್ಟು ಮೊಟ್ಟೆ ಇಡಬಲ್ಲದು. ಹೆಚ್ಚಿನವು ಸಾಯುತ್ತವೆ. ಆದರೂ ಆರು ತಿಂಗಳಿಗೊಮ್ಮೆ ಸಂಖ್ಯೆ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳಿ. ಮೂರು ಹುಳುಗಳು ಮೂರು ವರ್ಷಕ್ಕೆ 192 ಆಗುತ್ತವೆ; ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ವರ್ಷಕ್ಕೆ 12,288! ಆಹಾರ, ನೆರಳು ಸಾಲದಾದಾಗ ಮಾತ್ರ ಏರಿಕೆ ನಿಲ್ಲುತ್ತದೆ. ಅಷ್ಟರಲ್ಲಿ ನಮ್ಮ ಬೆಳೆ ಮುಗಿದಿರುತ್ತದೆ.

ಇದೇ ಲೆಕ್ಕ ಪರಿಹಾರವನ್ನೂ ತೋರಿಸುತ್ತದೆ. ತೋಟದಲ್ಲಿ 400 ಹುಳುಗಳಿವೆ ಎನ್ನೋಣ. ಅರ್ಧ ಹೆಕ್ಕಿದರೆ ಉಳಿದ 200 ಆರು ತಿಂಗಳಲ್ಲಿ ಮತ್ತೆ 400 ಆಗುತ್ತವೆ. ಪಟ್ಟ ಶ್ರಮ ನೀರುಪಾಲು. ಮುಕ್ಕಾಲು ಪಾಲು ಹೆಕ್ಕಿದರೆ ಉಳಿದ 100, ಇಮ್ಮಡಿಯಾದರೂ 200 ಮಾತ್ರ. ಮತ್ತೊಮ್ಮೆ ಹಾಗೆಯೇ ಮಾಡಿದರೆ ವರ್ಷಕ್ಕೆ 100ಕ್ಕೆ ಇಳಿಯುತ್ತದೆ. ಆದರೆ ನೆರೆಯವರ ತೋಟದಲ್ಲಿ ಹಾಗೇ ಬಿಟ್ಟರೆ ಅವು ಬೇಲಿ ದಾಟಿ ಬರುತ್ತವೆ. ಆದ್ದರಿಂದ ವಾರ್ಡಿನವರೆಲ್ಲ ಒಂದೇ ವಾರದಲ್ಲಿ ಕೂಡಿ ಹೆಕ್ಕಬೇಕು.

ಮಾಡಬೇಕಾದದ್ದು:

1. ಮೊದಲ ಮಳೆಗೇ ಆರಂಭಿಸಿ. ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಅಲ್ಲಿ ಸೇರಿದ ಹುಳುಗಳನ್ನು ಹೆಕ್ಕಿ.

2. ಬಕೆಟಿನಲ್ಲಿ ಗಟ್ಟಿ ಉಪ್ಪುನೀರಿಗೆ ಹಾಕಿ ಕೊಂದು, ಆಳವಾಗಿ ಹೂಳಿ. ಉಪ್ಪನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಮಣ್ಣು ಕೆಡುತ್ತದೆ.

3. ಹೊರಗಿನಿಂದ ತರುವ ಸಸಿ, ಮಣ್ಣು, ಗೊಬ್ಬರದಲ್ಲಿ ಹುಳು ಅಥವಾ ಮೊಟ್ಟೆ ಇದೆಯೇ ಎಂದು ನೋಡಿ.

4. ಬರಿಗೈಯಲ್ಲಿ ಮುಟ್ಟಬೇಡಿ. ಇಲಿಗಳ ಶ್ವಾಸಕೋಶದ ಒಂದು ಜಂತು ಈ ಹುಳುಗಳ ಮೂಲಕ ಮನುಷ್ಯನ ದೇಹ ಸೇರಿ ಮಿದುಳಿನ ಪೊರೆಯ ಉರಿಯೂತ ತರಬಲ್ಲದು. ಮಕ್ಕಳನ್ನು ಇವುಗಳೊಂದಿಗೆ ಆಡಲು ಬಿಡಬೇಡಿ. ಸೊಪ್ಪು, ತರಕಾರಿ ಚೆನ್ನಾಗಿ ತೊಳೆದು ಬೇಯಿಸಿ. ಹುಳು ಮುಟ್ಟಿದವರಿಗೆ ಮುಂದಿನ ವಾರಗಳಲ್ಲಿ ತೀವ್ರ ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಹುಳು ಮುಟ್ಟಿದ್ದನ್ನೂ ತಿಳಿಸಿ.

ಮೂರೇ ಹುಳು ಕಂಡಾಗ ಅಲಕ್ಷ್ಯ ಮಾಡಬೇಡಿ. ಸುಲಭವಾಗಿ ಗೆಲ್ಲಬಹುದಾದ ಕಾಲ ಅದೊಂದೇ.