ಅರ್ಗಾ: ಬೆಟ್ಟ, ದ್ವೀಪ ಮತ್ತು ಬಂದರು

ಉತ್ತರ ಕನ್ನಡ ಜಿಲ್ಲೆಯ ಭೂಪಟದಲ್ಲಿ ಕಾರವಾರದಿಂದ ಅಂಕೋಲೆಯ ಕಡೆಗೆ ಕಡಲಂಚನ್ನು ಹಿಡಿದು ಸಾಗಿದರೆ, ಬಿಣಗಾ ಮತ್ತು ಅಮದಳ್ಳಿಗಳ ನಡುವೆ ಅರ್ಗಾ ಎಂಬ ಸಣ್ಣ ಊರನ್ನು ನಾವು ಕಾಣುತ್ತೇವೆ. ಇಂಥ ಚಿಕ್ಕ ಊರಿನ ಮುಂದೆ ದೇಶದ ಭಾರಿ ಯುದ್ಧನೌಕೆಗಳು ಬಂದು ನಿಲ್ಲಲು ಕಾರಣವೇನು? ಉತ್ತರವನ್ನು ಮೊದಲು ನೆಲದ ರಚನೆಯಲ್ಲಿಯೇ ಹುಡುಕಬೇಕು.

ಪಶ್ಚಿಮ ಕರಾವಳಿಯ ಬಹುಭಾಗದಲ್ಲಿ ಸಹ್ಯಾದ್ರಿಯು ಸಮುದ್ರದಿಂದ ದೂರ ಸರಿದು ನಿಂತಿದೆ. ಕಾರವಾರದ ಬಳಿಯಲ್ಲಾದರೋ ಅದರ ಕವಲುಗಳು ನೀರಿನವರೆಗೂ ಚಾಚಿಕೊಂಡಿವೆ. ಎರಡು ಕವಲುಗಳ ನಡುವೆ ಒಂದು ಕೊಲ್ಲಿ, ಅದರಂಚಿಗೆ ಮರಳಿನ ದಂಡೆ, ಹಿಂದೆ ತೆಂಗಿನ ತೋಟ ಮತ್ತು ಕಿರಿದಾದ ಗದ್ದೆಬಯಲು: ಇಲ್ಲಿನ ಊರುಗಳ ವಿನ್ಯಾಸವೇ ಇದು. ಕಡಲೊಳಗೆ ಉಳಿದ ಗುಡ್ಡಗಳು ದ್ವೀಪಗಳಾಗಿ ತಲೆಯೆತ್ತಿವೆ. ಅವುಗಳಲ್ಲಿ ಅಂಜದೀವ ಮುಖ್ಯವಾದುದು. ಮಳೆಗಾಲದಲ್ಲಿ ನುಗ್ಗಿಬರುವ ತೆರೆಗಳು ಮೊದಲು ಅದರ ಬಂಡೆಗಳಿಗೆ ಬಡಿದು ಬಲಗುಂದುತ್ತವೆ. ಅದರ ಮರೆಯಲ್ಲಿರುವ ನೀರು ಅಷ್ಟರಮಟ್ಟಿಗೆ ಶಾಂತವಾಗಿರುತ್ತದೆ.

ಈ ಮರೆಯ ಬೆಲೆಯನ್ನು ಹಾಯಿಹಡಗಿನವರು ಬಹು ಹಿಂದೆಯೇ ಅರಿತಿದ್ದರು. 1498ರಲ್ಲಿ ವಾಸ್ಕೋ ಡ ಗಾಮನು ಅಂಜದೀವದಲ್ಲಿ ತಂಗಿದ್ದನು. 1505ರಲ್ಲಿ ಅಲ್ಮೇಡನು ಅಲ್ಲಿ ಕೋಟೆ ಕಟ್ಟಿಸಿದನು. 1660ರ ದಶಕದಲ್ಲಿ, ಮುಂಬಯಿಯ ಹಸ್ತಾಂತರಕ್ಕಾಗಿ ಕಾಯುತ್ತ ದ್ವೀಪದಲ್ಲಿದ್ದ ಇಂಗ್ಲಿಷ್ ದಂಡಿನಲ್ಲಿ ನೂರಾರು ಮಂದಿ ಮಡಿದರು. ನಾಯಕನಾದ ಅಬ್ರಹಾಂ ಶಿಪ್‌ಮನ್ನನೂ 1664ರಲ್ಲಿ ಅಲ್ಲಿಯೇ ತೀರಿಕೊಂಡನು. ಪೋರ್ಚುಗೀಜರ ಕೈಯಲ್ಲಿದ್ದ ದ್ವೀಪವನ್ನು 1961ರ ಡಿಸೆಂಬರಿನಲ್ಲಿ ಭಾರತದ ನೌಕಾಪಡೆಯು ಬಿಡಿಸಿತು. ಆ ಕಾರ್ಯಾಚರಣೆಯಲ್ಲಿ ಏಳು ಮಂದಿ ನಾವಿಕರು ಪ್ರಾಣ ತೆತ್ತರು.

ಮುಂಬಯಿ ಬಂದರಿನಲ್ಲಿ ವಾಣಿಜ್ಯ ನೌಕೆಗಳ ದಟ್ಟಣೆ ಹೆಚ್ಚಿದಾಗ ನೌಕಾಪಡೆಗೆ ಬೇರೆ ಆಸರೆ ಬೇಕಾಯಿತು. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಅರ್ಗಾದಲ್ಲಿ 'ಸೀಬರ್ಡ್' ಯೋಜನೆಗೆ ಅಡಿಗಲ್ಲಿಟ್ಟರು. ತೆರೆತಡೆಯ ಗೋಡೆಗಳನ್ನು ಕಟ್ಟಿ ಅಂಜದೀವವನ್ನು ದಡಕ್ಕೆ ಸೇರಿಸಲಾಯಿತು. ನಿಸರ್ಗವು ಅರ್ಧ ಕಟ್ಟಿದ್ದ ಬಂದರನ್ನು ಮನುಷ್ಯನು ಪೂರ್ತಿಗೊಳಿಸಿದನೆನ್ನಬಹುದು. 2005ರ ಮೇ 31ರಂದು ಕಾರ್ಯಾರಂಭ ಮಾಡಿದ ನೆಲೆಗೆ ಬನವಾಸಿಯ ಅರಸುಮನೆತನದ ನೆನಪಿನಲ್ಲಿ 'ಕದಂಬ' ಎಂಬ ಹೆಸರಾಯಿತು.

ಜಪಾನಿನ ಸಾಸೆಬೊ ಕೂಡ ಬೆಟ್ಟಗಳ ನಡುವಣ ಕೊಲ್ಲಿಯ ದಂಡೆಯ ಹಳ್ಳಿಯಾಗಿತ್ತು. 1889ರಲ್ಲಿ ಅಲ್ಲಿ ನೌಕಾನೆಲೆ ತೆರೆಯಿತು. 1902ರ ಹೊತ್ತಿಗೆ ಹಳ್ಳಿಯೇ ನಗರವಾಯಿತು. ಇಲ್ಲಿ ನಡೆದುದು ಬೇರೆ. ನೆಲೆಗಾಗಿ ಕಾರವಾರ ಮತ್ತು ಅಂಕೋಲೆಯ 13 ಹಳ್ಳಿಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯಗಳು ದಶಕಗಳವರೆಗೆ ನಡೆದವು. ಗದ್ದೆಗೆ ಬೆಲೆ ಕಟ್ಟಲು ಒಂದು ಲೆಕ್ಕವುಂಟು. ರಂಪಣಿ ಬಲೆಯನ್ನೆಳೆಯಲು ತಕ್ಕ ಶಾಂತವಾದ ದಂಡೆಗೆ ಬದಲಿ ದಂಡೆಯನ್ನು ಒದಗಿಸುವುದು ಸುಲಭವಲ್ಲ. ಏಕೆಂದರೆ ಇಂಥ ಮರೆಯುಳ್ಳ ಕೊಲ್ಲಿಗಳು ನಮ್ಮ ಕರಾವಳಿಯಲ್ಲಿ ಕೆಲವೇ. ನೌಕಾಪಡೆಯು ಅರ್ಗಾವನ್ನು ಆರಿಸಿಕೊಂಡುದೂ ಇದೇ ಕಾರಣದಿಂದ.