ಜ್ಞಾನಶಿಸ್ತುಗಳ ಶ್ರೇಣಿ ಮತ್ತು ಚರ್ಮಕುಶಲಿಗಳ ಅರಿವು

ಜ್ಞಾನಶಿಸ್ತುಗಳಲ್ಲಿಯೂ ಮೇಲು-ಕೀಳುಗಳಿವೆ. ಒಂದು ಅರಿವು ಯಾವ ಶಿಸ್ತಿಗೆ ಸಲ್ಲುತ್ತದೆಂಬುದನ್ನು ಹಲವು ಬಾರಿ ಅದರ ಸ್ವರೂಪಕ್ಕಿಂತ ಅದನ್ನು ಬಲ್ಲವರ ಸಾಮಾಜಿಕ ಸ್ಥಾನವೇ ನಿರ್ಧರಿಸುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದ ಚರ್ಮದ ಕಸುಬು ಇದಕ್ಕೆ ನಿದರ್ಶನ.

ಸಾಂಪ್ರದಾಯಿಕವಾಗಿ ಇಲ್ಲಿ ಢೋರರು ತೊಗಲನ್ನು ಹದಮಾಡಿದರೆ, ಸಮಗಾರರು ಚಪ್ಪಲಿ ಹೊಲಿಯುತ್ತಾರೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳ ಒಗರು ತೊಗಲನ್ನು ಕೊಳೆಯದಂತೆ ಕಾಯುತ್ತದೆ. ಮೊಳೆಯ ಹಂಗಿಲ್ಲದೆ ಚರ್ಮದ ಎಳೆಯಿಂದಲೇ ಅಟ್ಟೆಯನ್ನು ಹೊಲಿಯಲಾಗುತ್ತದೆ. ಹೆಣಿಗೆಯ ಕೆಲಸ ಬಹುಮಟ್ಟಿಗೆ ಹೆಂಗಸರದು. 1948ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಚರ್ಮ ಹದಗೊಳಿಸುವಿಕೆಯು ವಿಜ್ಞಾನ. ಅಥಣಿಯ ಕೇರಿಯಲ್ಲಿ ಅದು ಬರಿಯ ಕುಲಕಸುಬು.

ಜಾನಪದ ಅಧ್ಯಯನವೂ ಈ ಶ್ರೇಣೀಕರಣದಿಂದ ಮುಕ್ತವಾಗಿಲ್ಲ. ‘ಗರತಿಯ ಹಾಡು’ (1931) ಸಂಕಲನದ ಕಾಲದಿಂದ ಹಾಡಿಗೆ ಸಾಹಿತ್ಯದ ಮನ್ನಣೆ ದೊರೆಯಿತು. ಕನ್ನಡ ವಿಭಾಗಗಳ ನೆರಳಿನಲ್ಲಿ ಬೆಳೆದ ಈ ಶಿಸ್ತು ಹಾಡು-ಕಥೆಗಳನ್ನು ಮುಂದಿಟ್ಟಿತು, ಕೈಕಸುಬುಗಳು ಹಿಂದುಳಿದವು. 2011ರಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಸ್ಥಾಪನೆಯಾದರೂ ಕ್ಷೇತ್ರಕಾರ್ಯದ ಪರಿಭಾಷೆಯಲ್ಲಿ ಕುಶಲಿಯು ಮಾಹಿತಿ ನೀಡುವ ‘ವಕ್ತೃ’. ಸಿದ್ಧಾಂತ ಕಟ್ಟುವವನು ಸಂಶೋಧಕ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಬೆಳಗಾವಿ ಸೇರಿದಂತೆ ಕರ್ನಾಟಕದ 4 ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ವಸ್ತುವಿಗೆ ಸಂದ ಈ ಮಾನ್ಯತೆ ಅದನ್ನು ರೂಪಿಸಿದ ಅರಿವಿಗೂ ಸಲ್ಲಬೇಕು. ಹದವರಿತವರು ಪಾಠಪಟ್ಟಿಯಲ್ಲಿ ವಿಷಯವಾಗಿ ಮಾತ್ರವಲ್ಲ, ತರಗತಿಯಲ್ಲಿ ಬೋಧಕರಾಗಿಯೂ ಸ್ಥಾನ ಪಡೆಯಬೇಕು. ಜಾತಿಯ ಶ್ರೇಣಿಯನ್ನು ಪ್ರಶ್ನಿಸದ ಶಿಸ್ತು ತನ್ನ ಕೀಳ್ಮಟ್ಟದ ಸ್ಥಾನವನ್ನು ಮಾತ್ರ ಪ್ರಶ್ನಿಸುವುದು ಅರೆನ್ಯಾಯವೇ ಸರಿ.